ಸದಾ ಶ್ರಮಿಸಿದ್ದಾರೆ

ಅಕ್ಕೋರು ತೀರಿಕೊಂಡ ಸುದ್ದಿಯನ್ನು ಕೆಳಗಿನ ಮನೆಯವರು ಬಾಗಿಲು ತಟ್ಟಿ ಹೇಳಿದಾಗ ನಾನು ಇಸ್ತ್ರಿ ಮಾಡುತ್ತಿದ್ದೆ. ಅಯ್ಯೋ ಎಂದೆ, ಬಾಗಿಲು ಹಾಕಿದೆ, ಉಳಿದ ಎರಡು ಅಂಗಿಗಳನ್ನೂ ಮುಗಿಸಿದೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಹೆಂಗಸಿನ ಮೇಲೆ ಹಲ್ಲು ಮಸೆದವಳು ನಾನು. ಅವರು ಬ್ರೆಜಿಲಿನ ಒಂದು ಒಣ ಹಳ್ಳಿಯಲ್ಲಿ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು ಎಂದ ಮಾತ್ರಕ್ಕೆ ಅಷ್ಟು ದಿನದ ಸಿಟ್ಟನ್ನು ಒಲೆಯಿಂದ ಇಳಿಸಿ ಬದಿಗಿಡಲು ನನಗೆ ಬರುವುದಿಲ್ಲ. ಅವರು ಎಷ್ಟು ಒಳ್ಳೆಯವರು ಎಂದು ಹೇಳುವುದಕ್ಕೆ ಈ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ನನ್ನ ಪಾಲಿನದನ್ನು ಹೇಳುತ್ತೇನೆ.

ಅಕ್ಕೋರು ಎಂಬುದು ನಾನಿಟ್ಟ ಹೆಸರು. ನಮ್ಮ ಗದಗಿನ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತೇವೆ. ನ್ಯೂರೆಂಬರ್ಗಿನ ನಮ್ಮ ಕಟ್ಟಡದವರೆಲ್ಲ ಅವರನ್ನು 'ಶ್ವೆಸ್ಟರ್' ಎನ್ನುತ್ತಿದ್ದರು. ಅಂದರೆ ಅಕ್ಕ. ಇಲ್ಲಿ ನರ್ಸನ್ನೂ ಹಾಗೇ ಕರೆಯುತ್ತಾರೆ, ಚರ್ಚಿನ ಸೇವೆಗೆ ನಿಂತ ಹೆಂಗಸನ್ನೂ ಹಾಗೇ ಕರೆಯುತ್ತಾರೆ. ಅವರು ಎರಡೂ ಆಗಿದ್ದರು. ಇಪ್ಪತ್ತೆಂಟು ವರ್ಷ ಬ್ರೆಜಿಲಿನ ಒಳನಾಡಿನಲ್ಲಿ ಮಿಷನ್ ಕೆಲಸ ಮಾಡಿ, ಸೊಂಟದ ಆಪರೇಷನ್ನಿಗೆಂದು ಊರಿಗೆ ಬಂದು, ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹಾಗಂತ ಅವರೇ ಹೇಳುತ್ತಿದ್ದರು, 'ಸಿಕ್ಕಿಹಾಕಿಕೊಂಡಿದ್ದೇನೆ' ಎಂದು. ಮನೆಗೆ ಒಂದು ಮೇಜು ಸಹ ಕೊಂಡಿರಲಿಲ್ಲ. ಇಸ್ತ್ರಿ ಹಲಗೆಯನ್ನು ತಮ್ಮ ಎತ್ತರಕ್ಕೆ ಏರಿಸಿಕೊಂಡು ಅದರ ಮೇಲೇ ಊಟ, ಅದರ ಮೇಲೇ ಬೈಬಲ್, ಅದರ ಮೇಲೇ ಪತ್ರವ್ಯವಹಾರ. ಮೇಜು ತಂದರೆ ಇಲ್ಲೇ ಉಳಿದುಬಿಡುತ್ತೇನೆ ಎಂಬ ಭಯ ಅವರಿಗೆ.

ನಮ್ಮ ಮೊದಲ ಭೇಟಿಯೇ ಜಗಳ. ಮೆಟ್ಟಿಲು ತೊಳೆಯುವ ಸರದಿ ಆ ವಾರ ನಮ್ಮದು. ನಾನು ತೊಳೆದು ಒರೆಸಿ ಮೇಲೆ ಹೋಗುವಷ್ಟರಲ್ಲಿ ಅವರು ಕೋಲು ಊರಿಕೊಂಡು ಬಂದು, ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. ಕಟ್ಟೆ ಮೆಟ್ಟಿಲಲ್ಲ, ನನ್ನ ಸರದಿಗೆ ಸೇರುವುದಿಲ್ಲ ಎಂದೆ ನಾನು. ಸೇರುತ್ತದೆ ಎಂದರು ಅವರು. ಇನ್ನೇನು ದೊಡ್ಡದಾಗಬೇಕು, ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳಿಗೆ ನಾನು, "ಚಾವಿ ಎಲ್ಲೈತಿ?" ಎಂದು ಕೇಳಿದೆ. ಅಕ್ಕೋರ ಮುಖ ಬದಲಾಯಿತು. "ಏನಂದೆ? ಶಾವಿ?" ಬ್ರೆಜಿಲಿನವರು ಆಡುವ ಪೋರ್ಚುಗೀಸಿನಲ್ಲಿಯೂ ಅದು ಬೀಗದ ಕೈಯೇ. ಇಪ್ಪತ್ತೆಂಟು ವರ್ಷ ಅವರ ಬಾಯಲ್ಲಿದ್ದ ಪದವೊಂದನ್ನು ಗದಗ ಸೀಮೆಯ ಹೆಂಗಸೊಬ್ಬಳು ಅವರದೇ ಮೆಟ್ಟಿಲ ಮೇಲೆ ನಿಂತು ಆಡಿದ್ದಳು. ಅವತ್ತೇ ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟರು. ಒಂದು ಗಂಟೆಯೊಳಗೆ ಎರಡೂ ಭಾಷೆಯಲ್ಲಿರುವ ಸಾಬೂನು, ಪಗಾರ, ಮೇಸ್ತ್ರಿ, ಪೀಪಾಯಿ ಎಲ್ಲ ಸಿಕ್ಕವು. ಅವರು ಹಳೆಯ ಲಕೋಟೆಯೊಂದರ ಹಿಂದೆ ಆ ಪದಗಳನ್ನು ಬರೆದುಕೊಂಡರು. ಕಟ್ಟೆಯ ಧೂಳನ್ನು ಮಾತ್ರ ಮರೆಯಲಿಲ್ಲ, ಹೋಗುವಾಗ ಕೈಗೊಂದು ಬಟ್ಟೆ ಕೊಟ್ಟು ಕಳಿಸಿದರು.

ಅಂಥ ಹೆಂಗಸು. ತಮಗೆ ಮೂರು ಭಾಷೆ ಬರುತ್ತದೆ, ಮೂರರಲ್ಲೂ ಜನ ತಮಗೆ ಹೆದರುತ್ತಾರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. "ಮೊದಲ ಹತ್ತು ವರ್ಷ ಬೈಬಲ್ ಓದಿ ಅಂದೆ. ಆಮೇಲಿನ ಹದಿನೆಂಟು ವರ್ಷ ನೀರು ಕುದಿಸಿ ಕುಡಿಯಿರಿ ಅಂದೆ. ಎರಡನೆಯದನ್ನು ಇನ್ನೂ ಕಡಿಮೆ ಕೇಳಿದರು." ಒಂದು ದಿನ ನನಗೆ, "ನಿನಗಾಗಿ ನಿನ್ನೆ ಪ್ರಾರ್ಥನೆ ಮಾಡಿದೆ" ಎಂದರು. ನನ್ನನ್ನು ಕೇಳದೆ ಮಾಡಿದ್ದಕ್ಕೆ ನನಗೆ ರೇಗಿತು. "ನಾನೂ ನಿಮ್ಮ ಸೊಂಟಕ್ಕಾಗಿ ಬನಶಂಕರಿಗೆ ದೀಪ ಹಚ್ಚಿದ್ದೇನೆ" ಎಂದೆ. ಸುಳ್ಳು. ಅವರು ಸೊಂಟ ಮುಟ್ಟಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, "ಯಾವಾಗ ಹಚ್ಚಿದೆ? ಮಂಗಳವಾರ ನೋವು ಕಡಿಮೆ ಇತ್ತು" ಎಂದರು. ಆ ಸಂಜೆ ಮನೆಗೆ ಬಂದು ನಿಜವಾಗಿಯೇ ಹಚ್ಚಬೇಕಾಯಿತು.

ಅವರಿಗೆ ಒಂದೇ ಹಟ, ಮರಳಿ ಹೋಗಬೇಕು. "ಇಲ್ಲಿ ಎಲ್ಲರೂ ನನ್ನ ಸೊಂಟ ಹೇಗಿದೆ ಅಂತ ಕೇಳುತ್ತಾರೆ. ಅಲ್ಲಿ ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳುತ್ತಾರೆ" ಎನ್ನುತ್ತಿದ್ದರು. ಆದರೆ ಅರವತ್ತೇಳು ವರ್ಷದ, ಕೋಲು ಹಿಡಿದ ಹೆಂಗಸನ್ನು ಕಳಿಸಲು ಮಿಷನ್ ಸಮಿತಿಗೆ ಮನಸ್ಸಿರಲಿಲ್ಲ. ಸಮಿತಿಯ ಅಧ್ಯಕ್ಷರು ನಿವೃತ್ತರಾಗುವ ಮೊದಲು ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡವರು. ಯಾವತ್ತೂ ದನಿ ಏರಿಸದ, ಪ್ರತಿ ಮಾತಿಗೂ ಮೊದಲು ಕನ್ನಡಕ ಒರೆಸುವ ಮನುಷ್ಯ. ಹೋಗಿ ಅಲ್ಲಿ ಏನು ಮಾಡುತ್ತೀರಿ, ಬರವಣಿಗೆಯಲ್ಲಿ ಕೊಡಿ ಎಂದರು. ಅಕ್ಕೋರಿಗೆ ಬರವಣಿಗೆ ಎಂದರೆ ಮೂರು ಸಾಲು. ಹಳೆಯ ಕೆಲಸ ತೋರಿಸೋಣವೆಂದರೆ, ಅವರು ಅಷ್ಟು ವರ್ಷ ತೋಡಿಸಿದ ಬಾವಿಗಳಲ್ಲಿ ಅರ್ಧಕ್ಕರ್ಧ ಉಪ್ಪುನೀರು ಬಿದ್ದಿತ್ತು.

ನಾನು ಸಿವಿಲ್ ಎಂಜಿನಿಯರ್. ಆರು ವರ್ಷ ಗದಗಿನ ಸುತ್ತಲಿನ ಹಳ್ಳಿಗಳಲ್ಲಿ ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿಗಳನ್ನು ಕಟ್ಟಿಸಿದ್ದೇನೆ. ಮದುವೆಯಾದ ಮೇಲೆ ಗಂಡನ ಹಿಂದೆ ಇಲ್ಲಿಗೆ ಬಂದೆ. ಅವರು ಕಾರಿನ ಭಾಗ ಮಾಡುವ ಕಡೆ ಎಂಜಿನಿಯರ್, ನಾನು ಮನೆಯಲ್ಲಿ. ನನ್ನ ಡಿಗ್ರಿಗೆ ಇಲ್ಲಿನ ಮಾನ್ಯತೆ ಸಿಗಲು ಎರಡು ವರ್ಷ ಹಿಡಿಯಿತು. ಸಿಕ್ಕ ಮೇಲೂ ಎಲ್ಲರದೂ ಒಂದೇ ಪ್ರಶ್ನೆ. ಈ ದೇಶದಲ್ಲಿ ಏನು ಕೆಲಸ ಮಾಡಿದ್ದೀರಿ? ಯಾರ ಪತ್ರವಿದೆ?

ಬಾವಿ ಬಿಡಿ, ಮಳೆನೀರು ಹಿಡಿಯೋಣ ಎಂದೆ ಅಕ್ಕೋರಿಗೆ. ಹಾಗಾಗಿ ಆ ಚಳಿಗಾಲವಿಡೀ ನಾನೂ ಅಕ್ಕೋರೂ ಇಸ್ತ್ರಿ ಹಲಗೆಯ ಎರಡು ಬದಿ ನಿಂತು ತೊಟ್ಟಿಯ ನಕ್ಷೆ ಮಾಡಿದೆವು. ಆ ಸೀಮೆಯ ಮಳೆ ಎಷ್ಟು, ಮನೆಗಳ ಹೆಂಚು ಎಂಥದು, ಮಣ್ಣು ಎಂಥದು, ಎಲ್ಲವನ್ನೂ ಅವರಿಂದ ಕೇಳಿ ಕೇಳಿ ಬರೆದುಕೊಂಡೆ. ತೊಟ್ಟಿಯನ್ನು ಪ್ರಾರ್ಥನಾ ಮಂದಿರದ ಹಿಂದೆ ಕಟ್ಟೋಣ, ಬೀಗ ಹಾಕಲು ಸುಲಭ ಎಂದರು. ನೀರು ಹೊರುವವರು ನೀವೋ ಆ ಹಳ್ಳಿಯ ಹೆಂಗಸರೋ ಎಂದು ಕಿರುಚಿದೆ. ಮೂರನೆಯ ದಿನ ಅವರು ತಾವೇ ತೊಟ್ಟಿಯನ್ನು ಮನೆಗಳ ನಡುವೆ ಬರೆದು ತಂದರು. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು ಎಂದಾಗಲಂತೂ ಕುಣಿದಾಡಿದರು. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಬರುವ ಕಡೆ ದೇವರು ಕೊಟ್ಟ ನೀರನ್ನು ಚೆಲ್ಲುವುದೇ? "ಮೊದಲ ಮಳೆಯಲ್ಲಿ ದೇವರಿಗಿಂತ ಹಕ್ಕಿ ಹಿಕ್ಕೆ ಜಾಸ್ತಿ ಇರುತ್ತದೆ" ಎಂದು ನಾನೂ ಕೂಗಿದೆ. ಅವರು ನಕ್ಕುಬಿಟ್ಟರು. ನಕ್ಕು, ಕೊಳವೆಗೆ ತಿರುವು ಹಾಕಲು ಒಪ್ಪಿದರು.

ಸುಳ್ಳು ಯಾಕೆ ಹೇಳಲಿ, ಇಲ್ಲಿಗೆ ಬಂದ ಮೇಲೆ ಅಷ್ಟು ಸುಖವಾಗಿ ನಾನು ಎಂದೂ ಇರಲಿಲ್ಲ. ಬೆಳಿಗ್ಗೆ ಎದ್ದರೆ ಕೆಲಸವಿತ್ತು. ಯಾರದೋ ಹೆಂಡತಿ, ಯಾರದೋ ತಾಯಿ ಎಂಬುದನ್ನು ಬಿಟ್ಟು ನನ್ನದೇ ಒಂದು ಮಾತು ನಡೆಯುತ್ತಿತ್ತು.

ಯೋಜನೆ ಸಮಿತಿಯಲ್ಲಿ ಒಪ್ಪಿಗೆಯಾಯಿತು. ಅದೇ ವಾರ ಹತ್ತಿರದ ಸಣ್ಣ ಊರೊಂದರ ನೀರು ಸರಬರಾಜು ಕಚೇರಿಯಲ್ಲಿ ಎಂಜಿನಿಯರ್ ಹುದ್ದೆ ಖಾಲಿ ಇದೆ ಎಂದು ಜಾಹೀರಾತು ಬಂತು. ಅಕ್ಕೋರು ತಾವಾಗಿಯೇ ಹೇಳಿದರು, "ನಿನಗೆ ತ್ಸೊಯ್ಗ್ನಿಸ್ ಬರೆದು ಕೊಡುತ್ತೇನೆ." ಅಂದರೆ ಕೆಲಸ ಮಾಡಿಸಿಕೊಂಡವರು ಕೊಡುವ ಪತ್ರ. ಅದಿಲ್ಲದೆ ಈ ದೇಶದಲ್ಲಿ ಕಸ ಗುಡಿಸುವ ಕೆಲಸವೂ ಸಿಗುವುದಿಲ್ಲ. ನಾಲ್ಕು ದಿನದ ಮೇಲೆ ಸಮಿತಿಯ ಮುದ್ರೆಯಿದ್ದ ಹಾಳೆ ಕೊಟ್ಟರು. ಕೆಳಗೆ ಅವರ ದಪ್ಪ ಸಹಿ. ಅದರಲ್ಲಿ ನನ್ನ ಹೆಸರು, ತಿಂಗಳುಗಳು, ಆಮೇಲೆ ಮುಖ್ಯವಾದ ಒಂದೇ ವಾಕ್ಯ. ತೊಟ್ಟಿ ಯೋಜನೆಯ ಕೆಲಸದಲ್ಲಿ ಇವರು ಸದಾ ಶ್ರಮಿಸಿದ್ದಾರೆ.

ನನ್ನ ಕಣ್ಣು ತುಂಬಿತು. ನಮ್ಮಲ್ಲಿ ಶಾಲು ಹೊದಿಸಿ ಓದುವ ಸನ್ಮಾನ ಪತ್ರದಲ್ಲಿ ಇರುವುದು ಇದೇ ಮಾತಲ್ಲವೇ? ಅವಿರತ ಶ್ರಮಿಸಿದ ಮಹನೀಯರು ಎನ್ನುವುದಕ್ಕಿಂತ ದೊಡ್ಡದಾಗಿ ಯಾರನ್ನಾದರೂ ಹೊಗಳುತ್ತಾರೆಯೇ?

"ನೋಡ್ರಿ, ಸದಾ ಶ್ರಮಿಸ್ಯಾರ ಅಂತ ಬರದಾರ" ಎಂದು ಗಂಡನಿಗೆ ತೋರಿಸಿದೆ.

"ಒಂದ ಸಾಲು ಬರದ್ರೂ ಭಾರಿ ಬರದಾರ ಬಿಡು. ಫ್ರೇಮ್ ಹಾಕ್ಸೂಣು" ಎಂದರು ಅವರು. ಅಂದೇ ವಿಡಿಯೊ ಕಾಲ್ ಮಾಡಿ ನಮ್ಮ ಅತ್ತೆಗೂ ಓದಿ ಹೇಳಿದರು.

ನೀರಿನ ಕಚೇರಿಯವರು ನನ್ನನ್ನು ಸಂದರ್ಶನಕ್ಕೂ ಕರೆಯಲಿಲ್ಲ. ಇನ್ನೆರಡು ಕಡೆ ಹಾಕಿದೆ. ಅವರೂ ಕರೆಯಲಿಲ್ಲ. ಕೊನೆಗೆ ಅರ್ಜಿ ಬರೆಯಲು ನೆರವಾಗುವ ಸಲಹೆಗಾರ್ತಿಯೊಬ್ಬರ ಮುಂದೆ ಕಡತವನ್ನೆಲ್ಲ ಹರವಿದೆ. ಆಕೆ ಒಂದೊಂದೇ ಹಾಳೆ ತಿರುವಿ, ಅಕ್ಕೋರ ಪತ್ರಕ್ಕೆ ಬಂದು ನಿಂತರು. ನನ್ನ ಮುಖವನ್ನು ನೋಡಿ, ಬಹಳ ಮೆತ್ತಗೆ ಕೇಳಿದರು, "ಇವರ ಜೊತೆ ನಿಮಗೆ ಏನಾದರೂ ಜಗಳವಾಗಿತ್ತೇ?"

ಜರ್ಮನ್ನರು ಇಂಥ ಪತ್ರದಲ್ಲಿ ಯಾರನ್ನೂ ಬಾಯಿಬಿಟ್ಟು ತೆಗಳುವಂತಿಲ್ಲವಂತೆ. ಅದಕ್ಕೇ ಹೊಗಳುವ ಮಾತಿನಲ್ಲೇ ಬೈಗುಳವನ್ನು ಬಚ್ಚಿಡುತ್ತಾರೆ. ಯಾವ ಹೊಗಳಿಕೆಗೆ ಎಷ್ಟು ಅಂಕ ಎಂದು ಕಚೇರಿಯವರಿಗೆಲ್ಲ ಬಾಯಿಪಾಠ. 'ಸದಾ ಶ್ರಮಿಸಿದ್ದಾರೆ' ಎಂದರೆ ಒದ್ದಾಡಿದರು, ಏನೂ ಕಿಸಿಯಲಿಲ್ಲ ಎಂದರ್ಥ. ನಪಾಸು. ನಾನು ಆ ನಪಾಸನ್ನು ಮೂರು ಕಚೇರಿಗಳಿಗೆ ನನ್ನ ಕೈಯಾರೆ, ಬಣ್ಣದ ಫೋಲ್ಡರಿನಲ್ಲಿ ಮೇಲೆಯೇ ಇಟ್ಟು ಕಳಿಸಿದ್ದೆ.

ಮನೆಗೆ ಬಂದರೆ ಅಂಚೆಪೆಟ್ಟಿಗೆಯಲ್ಲಿ ಸಮಿತಿಯ ಪತ್ರಿಕೆ. ನಡುಪುಟದಲ್ಲಿ ನನ್ನ ನಕ್ಷೆ, ನನ್ನ ಕೈಬರಹದ ಅಳತೆಗಳು. ಮೇಲೆ 'ನಮ್ಮ ಶ್ವೆಸ್ಟರ್ ಅವರ ತೊಟ್ಟಿ ಯೋಜನೆ' ಎಂಬ ತಲೆಬರಹ. ನನ್ನ ಹೆಸರು ಎಲ್ಲೂ ಇಲ್ಲ. ನನಗೆ ಎಲ್ಲವೂ ಅರ್ಥವಾಯಿತು. ಮುದುಕಿ ನನ್ನ ಕೆಲಸ ಕಿತ್ತುಕೊಂಡಿತು, ಬಾಯಿ ಮುಚ್ಚಿಸಲು ಒಂದು ವಿಷದ ಹಾಳೆ ಕೊಟ್ಟಿತು.

"ಕೆಳಗ ಹೋಗಿ ಕೇಳಿಬಿಡು" ಎಂದರು ಗಂಡ. "ಬಾಗಲಾ ಬಡದು ಕೇಳಾಕ ಏನ ಧಾಡಿ?"

"ನಾ ಯಾಕ ಕೇಳ್ಲಿ? ಮಾಡಿದಾಕಿ ಆಕಿ. ಆಕೀನ ಬಂದು ಹೇಳ್ಲಿ."

"ನೀ ಸಿಟ್ಟಾಗಿದ್ದು ಆಕೀಗೆ ಗೊತ್ತಾಗೂದರ ಹೆಂಗ?"

ಮಗಳಂತೂ ಮೊಬೈಲಿನಿಂದ ತಲೆಯೆತ್ತದೆ ಜರ್ಮನ್‌ನಲ್ಲಿ, ಸುಮ್ಮನೆ ಕೇಳಿಬಿಡಮ್ಮ, ಅದರಲ್ಲೇನಿದೆ ಎಂದಳು. ಅವಳು ಇಲ್ಲಿ ಬೆಳೆದವಳು. ನಮ್ಮ ಮನೆತನದಲ್ಲಿ ಸಿಟ್ಟು ಬಂದರೆ ಕೇಳುವುದಿಲ್ಲ, ಮಾತು ಬಿಡುತ್ತೇವೆ. ನಮ್ಮಪ್ಪ ತನ್ನ ಅಣ್ಣನ ಜೊತೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಒಂದೇ ಪಡಸಾಲೆ, ಒಂದೇ ಪಂಕ್ತಿ. ಮಾತು ಬಿಟ್ಟಿದ್ದು ಎದುರಿನವರಿಗೆ ಚುಚ್ಚಬೇಕು, ಅವರು ತಾವಾಗಿ ಬಂದು ತಪ್ಪಾಯಿತು ಎನ್ನಬೇಕು, ಅದು ಅದರ ರೀತಿ. ನಾನೂ ಬಿಟ್ಟೆ. ಅಕ್ಕೋರು ಗಂಟೆ ಬಾರಿಸಿದರೆ ತೆಗೆಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ತಲೆ ಆಡಿಸಿ ಮುಂದೆ ಹೋದೆ. ಅವರು ಹೊರಡುವ ಗಡಿಬಿಡಿಯಲ್ಲಿದ್ದರು. ನನಗೆ ನೆಗಡಿ ಎಂದುಕೊಂಡು ಬಾಗಿಲಿಗೆ ಶುಂಠಿ ತೂಗುಹಾಕಿ ಹೋದರು.

ಅವರ ಬೀಳ್ಕೊಡುಗೆಯ ದಿನ ಚರ್ಚಿನ ಸಭಾಂಗಣದಲ್ಲಿ ನೆರೆಮನೆಯ ಭಾರತೀಯಳಾಗಿ ನಾನೂ ನಾಲ್ಕು ಮಾತಾಡಬೇಕು ಎಂದು ಕರೆ ಬಂತು. ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ಎಲ್ಲಿ ಸಿಗಬೇಕು? ಇಳಕಲ್ ಸೀರೆಯುಟ್ಟು, ಕುಂಕುಮವಿಟ್ಟು ಹೋದೆ. ಮೈಕು ಹಿಡಿದು, ನಿಧಾನವಾಗಿ, ಒಂದಕ್ಷರ ತಪ್ಪಿಲ್ಲದ ಜರ್ಮನ್‌ನಲ್ಲಿ ಹೇಳಿದೆ. "ಇಪ್ಪತ್ತೆಂಟು ವರ್ಷ ಬ್ರೆಜಿಲಿನ ಬಡವರಿಗಾಗಿ ನಮ್ಮ ಶ್ವೆಸ್ಟರ್ ಸದಾ ಶ್ರಮಿಸಿದ್ದಾರೆ." ಅಷ್ಟೇ ಹೇಳಿ ಕೂತೆ.

ಹಿಂದಿನ ಸಾಲಿನಲ್ಲಿ ಯಾರಿಗೋ ಕಾಫಿ ಗಂಟಲಿಗೆ ಸಿಕ್ಕಿತು. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ನನ್ನ ಎದೆ ತಣ್ಣಗಾಯಿತು. ಅಷ್ಟರಲ್ಲಿ ಅಕ್ಕೋರು ಕೋಲನ್ನೂ ಮರೆತು ಎದ್ದು ಬಂದು, ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತರು. "ನನ್ನ ಮಾತನ್ನೇ ನನಗೆ ಮರಳಿ ಕೊಟ್ಟೆ" ಎಂದರು. ನಾನು ಕಟ್ಟಿಗೆಯ ಹಾಗೆ ನಿಂತಿದ್ದೆ. ಹೊಡೆದ ಚಪ್ಪಲಿಯನ್ನೇ ಹಾರ ಮಾಡಿ ಕೊರಳಿಗೆ ಹಾಕಿಕೊಂಡಳಲ್ಲ, ಎಂಥ ನಾಟಕದವಳು ಎಂದುಕೊಂಡೆ. ಸೇಡು ತೀರಿಸಲು ಹೋದವಳ ಸೇಡು ಎರಡರಷ್ಟಾಗಿ ಮನೆಗೆ ಬಂತು.

ಅವರು ಹೋದರು. ಅಲ್ಲಿಂದ ನನ್ನ ಮೊಬೈಲಿಗೆ ಫೋಟೊಗಳು ಬರತೊಡಗಿದವು. ಅರ್ಧ ಎದ್ದ ತೊಟ್ಟಿ, ಪೂರ್ತಿ ಎದ್ದ ತೊಟ್ಟಿ, ತೊಟ್ಟಿಯ ಪಕ್ಕ ಕೈಕಟ್ಟಿ ನಿಂತ ಹೆಂಗಸರು. 'ಮೇಸ್ತ್ರಿ ಕೊಳವೆ ಸಣ್ಣದಾಯಿತು ಅನ್ನುತ್ತಾನೆ, ಹೌದೇ?' 'ಈ ವರ್ಷ ನೀರು ತರುವ ಪೀಪಾಯಿ ಗಾಡಿ ಬರುವ ಮೊದಲೇ ತೊಟ್ಟಿಯಲ್ಲಿ ನೀರಿತ್ತು.' ನಾನು ಎಲ್ಲವನ್ನೂ ಓದಿದೆ, ಒಂದಕ್ಕೂ ಉತ್ತರ ಕೊಡಲಿಲ್ಲ. ಆ ಹೊತ್ತಿಗೆ ನಾನು ಶಾಲೆಯೊಂದರ ಅಡುಗೆಮನೆಯಲ್ಲಿ ತಟ್ಟೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಫೋಟೊಗಳು ಕಡಿಮೆಯಾದವು. ಕೊನೆಯದಾಗಿ ಬಂದದ್ದು ಬರಿಯ ಎರಡು ಸಾಲು. 'ನಿನಗೆ ಕೆಲಸ ಸಿಕ್ಕಿತೇ? ನನ್ನ ಪತ್ರ ಉಪಯೋಗಕ್ಕೆ ಬಂತೇ?' ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಅವರ ನಂಬರನ್ನೇ ಬಂದ್ ಮಾಡಿಟ್ಟೆ.

ಕಳೆದ ತಿಂಗಳು ಅದೇ ಸಭಾಂಗಣದಲ್ಲಿ ಅವರ ಸ್ಮರಣೆಯ ಸಭೆ ನಡೆಯಿತು. ಅವರನ್ನು ಅಲ್ಲೇ ಮಣ್ಣು ಮಾಡಿದ್ದರಿಂದ ಇಲ್ಲಿ ಒಂದು ಫೋಟೊ, ಹೂವು, ಕೇಕು, ಕಾಫಿ. ನಾನು ಮಾತಾಡಲು ಒಪ್ಪಲಿಲ್ಲ, ಹೋಗದಿರಲೂ ಆಗಲಿಲ್ಲ. ಮೂಲೆಯಲ್ಲಿ ನಿಂತಿದ್ದ ನನ್ನ ಬಳಿಗೆ ಅಧ್ಯಕ್ಷರು ತಟ್ಟೆ ಹಿಡಿದು ಬಂದರು. ಅವರೂ ಮುದುಕರಾಗಿದ್ದಾರೆ, ಸಾವಿನ ಮನೆಯಲ್ಲಿ ಮಾತು ಸಡಿಲವಾಗುತ್ತದೆ.

"ಶ್ವೆಸ್ಟರ್‌ಗೆ ಕಾಗದಪತ್ರವೇ ಬರುತ್ತಿರಲಿಲ್ಲ" ಎಂದು ನಕ್ಕರು. "ನಿಮ್ಮ ಪತ್ರದ ಕಥೆ ಗೊತ್ತೇ? ಒಂದು ಪುಟ ತುಂಬ ಏನೇನೋ ಬರೆದು ತಂದಿದ್ದರು. ಹೀಗೆಲ್ಲ ಬರೆಯುವುದಿಲ್ಲ ಶ್ವೆಸ್ಟರ್ ಅಂದೆ. ಇಪ್ಪತ್ತೆಂಟು ವರ್ಷ ಹೊರಗಿದ್ದವರು, ಪಾಪ, ಅವರಿಗೆ ಇಲ್ಲಿನ ಪದ್ಧತಿ ಎಲ್ಲಿ ಗೊತ್ತಿರುತ್ತದೆ? ಕೊನೆಗೆ ವಾಕ್ಯ ನಾನೇ ಹೇಳಿದೆ. ಬಹಳ ಚೆನ್ನಾಗಿದೆ ಅಂತ ಸಂತೋಷಪಟ್ಟರು."

ನನ್ನ ಕೈಯಲ್ಲಿದ್ದ ಕಪ್ಪನ್ನು ಕಿಟಕಿಯ ಮೇಲಿಟ್ಟೆ. "ಆ ವಾಕ್ಯದ ಅರ್ಥ ನಿಮಗೆ ಗೊತ್ತಿತ್ತಲ್ಲ? ನಿಮ್ಮ ಕೆಲಸವೇ ಅದಾಗಿತ್ತು" ಎಂದೆ.

ಅವರು ಕನ್ನಡಕ ತೆಗೆದರು. "ನಮ್ಮದು ಮಿಷನ್, ಎಂಜಿನಿಯರಿಂಗ್ ಸಂಸ್ಥೆಯಲ್ಲ. ನಿಮ್ಮ ತೊಟ್ಟಿ ಕುಸಿದರೆ ನಾಳೆ ಯಾರು ಹೊಣೆ? ನಾನು ಎಚ್ಚರಿಕೆಯ ವಾಕ್ಯ ಆರಿಸಿದೆ. ಪತ್ರಿಕೆಯಲ್ಲೂ ಅದಕ್ಕೇ ನಿಮ್ಮ ಹೆಸರು ಹಾಕಲಿಲ್ಲ. ಶ್ವೆಸ್ಟರ್ ಅದಕ್ಕೂ ಒಂದು ಸಲ ಕೂಗಾಡಿದರು."

"ಆ ಮೊದಲ ಪುಟ ಎಲ್ಲಿ?"

"ಎಲ್ಲೋ ಕಡತದಲ್ಲಿರಬೇಕು. ನಾವು ಏನನ್ನೂ ಎಸೆಯುವುದಿಲ್ಲ."

ಸೋಮವಾರ ಶಾಲೆಗೆ ರಜೆ ಹಾಕಿ ಸಮಿತಿಯ ಕಚೇರಿಯ ಬೆಂಚಿನ ಮೇಲೆ ಕೂತೆ. ಕೊಡುವವರೆಗೆ ಏಳುವುದಿಲ್ಲ ಎಂದೆ. ಮೂರು ಗಂಟೆಯ ಮೇಲೆ ಕೊಟ್ಟರು. ಅಕ್ಕೋರ ದಪ್ಪ ಅಕ್ಷರ, ಅಲ್ಲಲ್ಲಿ ಕಾಫಿ ಕಲೆ. ಅದರಲ್ಲಿ ಇದ್ದದ್ದು ಹೀಗೆ.

'ನಾನು ಎಂಜಿನಿಯರ್ ಅಲ್ಲ. ಇಪ್ಪತ್ತೆಂಟು ವರ್ಷ ತಪ್ಪು ಜಾಗದಲ್ಲಿ ಬಾವಿ ತೋಡಿಸಿದವಳು. ಈ ಹೆಂಗಸು ನನ್ನ ಅಡುಗೆಮನೆಯಲ್ಲಿ ನಿಂತು ನನ್ನ ಮೇಲೆ ನಾಲ್ಕು ಸಲ ಕಿರುಚಿದ್ದಾಳೆ. ನಾಲ್ಕು ಸಲವೂ ಅವಳೇ ಸರಿ. ತೊಟ್ಟಿಯ ಯೋಜನೆ ಮೊದಲಿನಿಂದ ಕೊನೆಯವರೆಗೆ ಅವಳದು. ನಾನು ಮರಳಿ ಹೋಗುತ್ತಿರುವುದು ಅವಳಿಂದ. ಅವಳನ್ನು ಮನೆಯಲ್ಲಿ ಕೂರಿಸಿರುವುದು ಈ ದೇಶದ ದಡ್ಡತನ. ಬೇಗ ಕೆಲಸ ಕೊಡಿ.'

ಅಲ್ಲೇ ಬೆಂಚಿನ ಮೇಲೆ ಅತ್ತೆ. ಮೂರು ವರ್ಷದ ಫೋಟೊಗಳಿಗೆಲ್ಲ ಸೇರಿಸಿ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ಮೂಲಪ್ರತಿ ಕಡತಕ್ಕೆ ಬೇಕು ಎಂದ ಅಧ್ಯಕ್ಷರಿಗೆ ಅವರದೇ ಯಂತ್ರದಲ್ಲಿ ತೆಗೆದ ನಕಲನ್ನು ಕೊಟ್ಟು, ಮೂಲವನ್ನು ಬ್ಯಾಗಿಗೆ ಹಾಕಿಕೊಂಡೆ. ಅದನ್ನು ಲಗತ್ತಿಸಿ ಎರಡು ಕಡೆ ಅರ್ಜಿ ಹಾಕಿದ್ದೇನೆ. ಸತ್ತವರ ಮಾತಿಗೆ ಎಷ್ಟು ಅಂಕವೋ ನೋಡಬೇಕು. ಸಮಿತಿಗೆ ಯಾರು ಬೇಕಾದರೂ ಸದಸ್ಯರಾಗಬಹುದಂತೆ, ಅದರ ಅರ್ಜಿಯನ್ನೂ ತುಂಬಿ ಕೊಟ್ಟಿದ್ದೇನೆ. ಇನ್ನು ಪ್ರತಿ ಸಭೆಯಲ್ಲೂ ಆ ಮನುಷ್ಯನ ಎದುರಿನ ಕುರ್ಚಿ ನನ್ನದು. ತೊಟ್ಟಿ ಯೋಜನೆಯ ತಲೆಬರಹದಲ್ಲಿ ನನ್ನ ಹೆಸರು ಬರುವವರೆಗೆ ಅವರು ಎಷ್ಟು ಸಲ ಬೇಕಾದರೂ ಕನ್ನಡಕ ಒರೆಸಿಕೊಳ್ಳಲಿ.

ಅಕ್ಕೋರು ಬದುಕಿದ್ದರೆ ಅವರ ಮೇಲೆ ಐದನೆಯ ಸಲ ಕಿರುಚುತ್ತಿದ್ದೆ. ದೇವರ ಮಾತಿಗೇ ಎದುರುತ್ತರ ಕೊಡುತ್ತಿದ್ದ ನೀವು ಆ ಕನ್ನಡಕದವನೊಬ್ಬನ ಮಾತನ್ನು ಯಾಕೆ ಕೇಳಿದಿರಿ ಎನ್ನುತ್ತಿದ್ದೆ. ಅವರು ಇಸ್ತ್ರಿ ಹಲಗೆಯ ಆ ಬದಿಯಿಂದ ನನ್ನನ್ನು ದಿಟ್ಟಿಸಿ, ನೀನು ಒಂದು ಮಹಡಿ ಇಳಿದು ಬಂದು ಯಾಕೆ ಕೇಳಲಿಲ್ಲ ಎನ್ನುತ್ತಿದ್ದರು. ಆ ಸಲ ನಾನು ಸರಿ ಇರುತ್ತಿರಲಿಲ್ಲ.